ಕೃಷಿ ನೀತಿ ಕಚೇರಿ, ವ್ಯಾಪಾರ ಸಂಘಗಳಲ್ಲಿ ಇಂಟರ್ನ್‌ಶಿಪ್: ಮೊದಲು ಬೆಳೆ ಹಿಡಿಯಿರಿ, ಆಮೇಲೆ ಬಾಗಿಲು ತಟ್ಟಿ

"ಮೇಡಂ, ನಲವತ್ತು ಕಡೆ ಇಮೇಲ್ ಹಾಕಿದೆ. ಒಬ್ಬರೂ ಉತ್ತರ ಕೊಡಲಿಲ್ಲ."

ಪ್ರತಿ ಏಪ್ರಿಲ್‌ನಲ್ಲಿ ಈ ಮಾತು ಕೇಳುತ್ತೇನೆ. ಹೇಳುವವರು ಅರ್ಥಶಾಸ್ತ್ರ, ಕೃಷಿ, ಕಾನೂನು, ಬಿ.ಕಾಂ. ಓದುವ ಮಕ್ಕಳು. ಇಮೇಲ್ ತೋರಿಸಿ ಅಂದರೆ ನಲವತ್ತಕ್ಕೂ ಒಂದೇ ಪತ್ರ. "ತಮ್ಮ ಸಂಸ್ಥೆಯಲ್ಲಿ ಯಾವುದಾದರೂ ಅವಕಾಶವಿದ್ದರೆ..." ಆ "ಯಾವುದಾದರೂ" ಅನ್ನುವ ಪದದಲ್ಲೇ ಕೆಲಸ ಕೆಟ್ಟಿರುತ್ತದೆ.

ನಾನು ಬೆಂಗಳೂರಿನಲ್ಲಿ ಇಂಥ ಪತ್ರಗಳನ್ನು ಓದುವ ಕಡೆ ಕೂತು ಕೆಲಸ ಮಾಡಿದವಳು. ಬೆಳೆಗೊಂದರಂತೆ ಇರುವ ಸಣ್ಣ ಸಂಘಗಳ ಕಚೇರಿ ಹೇಗಿರುತ್ತದೆ ಗೊತ್ತಾ? ಒಬ್ಬ ಕಾರ್ಯದರ್ಶಿ, ಒಬ್ಬ ಅಕೌಂಟೆಂಟ್, ಟೀ ತರಲು ಒಬ್ಬ ಹುಡುಗ. ಎಚ್‌ಆರ್ ಅಂತ ಯಾರೂ ಇಲ್ಲ. ನಿಮಗೆ ಏನು ಕೆಲಸ ಕೊಡಬಹುದು ಅಂತ ಕೂತು ಯೋಚಿಸಲು ಆ ಕಾರ್ಯದರ್ಶಿಗೆ ಪುರುಸೊತ್ತಿಲ್ಲ. "ಈ ಬೆಳೆಯ ಬಗ್ಗೆ ಈ ಕೆಲಸ ಮಾಡಿಕೊಡುತ್ತೇನೆ" ಅಂದರೆ ಮಾತ್ರ ತಲೆ ಎತ್ತಿ ನೋಡುತ್ತಾರೆ. ಕೆಳಗಿನ ಹಂತಗಳ ಕ್ರಮ ಹೀಗಿರುವುದು ಅದಕ್ಕೇ. ಹಿಂದುಮುಂದು ಮಾಡಬೇಡಿ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಕಾಲೇಜಿನಿಂದ ಬೋನಫೈಡ್ ಪತ್ರ ಮತ್ತು ಎನ್‌ಒಸಿ (ಕಾಲೇಜಿನ ಅಭ್ಯಂತರವಿಲ್ಲ ಅನ್ನುವ ಪತ್ರ). ಎರಡರಲ್ಲೂ ಸಹಿ, ಸೀಲು, ತಾರೀಖು ಇರಲಿ. ಎನ್‌ಒಸಿಯಲ್ಲಿ ಎಂದಿನಿಂದ ಎಂದಿನವರೆಗೆ ಅಂತ ಬರೆಸಿಕೊಳ್ಳಿ. ಸರ್ಕಾರಿ ಕಚೇರಿಗಳು ಇದಿಲ್ಲದೆ ಮಾತೇ ಆಡುವುದಿಲ್ಲ. ಕೆಲಸ ಒಪ್ಪಿಗೆಯಾದ ಮೇಲೆ ಎನ್‌ಒಸಿಗೆ ಓಡುವವರು ಜಾಸ್ತಿ. ಅಷ್ಟರಲ್ಲಿ ಪ್ರಿನ್ಸಿಪಾಲರು ಪರೀಕ್ಷೆ ಡ್ಯೂಟಿಯಲ್ಲಿರುತ್ತಾರೆ.

ಎಕ್ಸೆಲ್ ಸಾಧಾರಣವಾಗಿ ಬಂದರೆ ಸಾಕು. ಕನ್ನಡ ಟೈಪಿಂಗ್ ಮಾತ್ರ ಚೆನ್ನಾಗಿ ಬರಬೇಕು, ಅದೂ ಯೂನಿಕೋಡ್‌ನಲ್ಲಿ. ರಾಜ್ಯ ಸರ್ಕಾರಕ್ಕೆ ಹೋಗುವ ಮನವಿ, ಸದಸ್ಯರಿಗೆ ಕಳಿಸುವ ಸುತ್ತೋಲೆ ಎಲ್ಲ ಕನ್ನಡದಲ್ಲೇ ಆಗಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಹೊಡೆದದ್ದನ್ನು ಇಮೇಲ್‌ಗೆ ಅಂಟಿಸಿದರೆ ಆ ಕಡೆ ಬರೀ ಚಿತ್ರಲಿಪಿ ಕಾಣುತ್ತದೆ. ಇಂಗ್ಲಿಷ್ ಚೆನ್ನಾಗಿ ಬರೆಯುವ ಹತ್ತು ಜನ ಸಿಗುತ್ತಾರೆ. ಎರಡು ಪುಟದ ಮನವಿಯನ್ನು ತಪ್ಪಿಲ್ಲದ ಕನ್ನಡದಲ್ಲಿ ಟೈಪ್ ಮಾಡುವವರು ಒಬ್ಬರು ಸಿಕ್ಕರೆ ಹೆಚ್ಚು.

ಹಂತ 1: ಒಂದೇ ಒಂದು ಬೆಳೆ ಆರಿಸಿ

"ಭಾರತೀಯ ಕೃಷಿಯ ಸವಾಲುಗಳು" ಅನ್ನುವುದು ವಿಷಯವೇ ಅಲ್ಲ. ರಾಗಿ ವಿಷಯ. ಗುಲಾಬಿ ಈರುಳ್ಳಿ ವಿಷಯ. ಕಾಫಿ, ಮಿಡಿಸೌತೆ (ಗರ್ಕಿನ್), ಕೋಲಾರದ ಟೊಮೆಟೊ, ರೇಷ್ಮೆಗೂಡು, ಇವೆಲ್ಲ ವಿಷಯ. ಮನೆಯವರೋ ನೆಂಟರೋ ಬೆಳೆಯುವ ಬೆಳೆ ಇದ್ದರೆ ಅದನ್ನೇ ಹಿಡಿಯಿರಿ. ಫೋನ್ ಮಾಡಿ ಕೇಳಲು ಒಬ್ಬರು ಇರುತ್ತಾರಲ್ವಾ.

ಯಾಕೆ ಬೆಳೆಯಿಂದ ಶುರು? ಪ್ರತಿ ಬೆಳೆಗೂ ಅದರದೇ ಆದ ಕಾನೂನು, ಅದರದೇ ಆದ ಕಚೇರಿ ಇದೆ. ರಾಗಿ ಹಿಡಿದರೆ ದಾರಿ ಬೆಂಬಲ ಬೆಲೆಯ ಕಡೆ ಹೋಗುತ್ತದೆ: 2024-25ಕ್ಕೆ ಕ್ವಿಂಟಾಲ್‌ಗೆ 4,290 ರೂಪಾಯಿ ಇದ್ದದ್ದು 2025-26ಕ್ಕೆ 4,886 ಆಯಿತು. ಘೋಷಿಸುವುದು ಕೇಂದ್ರ, ಖರೀದಿ ಕೇಂದ್ರ ತೆರೆಯುವುದು ರಾಜ್ಯ. ಕಾಫಿ ಹಿಡಿದರೆ ಬೆಂಬಲ ಬೆಲೆಯ ಮಾತೇ ಇಲ್ಲ. ಅಲ್ಲಿ ರಫ್ತು ಮತ್ತು ಹೊರದೇಶದ ದರ.

ಗುಲಾಬಿ ಈರುಳ್ಳಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಸಣ್ಣ, ಖಾರದ ಗೆಡ್ಡೆ. ನಮ್ಮ ಅಡುಗೆಮನೆಗೆ ಬರುವುದು ಕಡಿಮೆ. ಮಲೇಷ್ಯಾ, ಸಿಂಗಪುರದ ಕಡೆ ಹೋಗುತ್ತದೆ. 2015ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಪ್ರದೇಶದ್ದೇ ಬೆಳೆ ಅನ್ನುವ ಗುರುತು, ಬಂತು. 2023ರ ಆಗಸ್ಟ್‌ನಲ್ಲಿ ಕೇಂದ್ರ ಎಲ್ಲ ಈರುಳ್ಳಿಗೂ ಶೇಕಡ 40 ರಫ್ತು ಸುಂಕ ಹಾಕಿತು. ಉದ್ದೇಶ ಊರಲ್ಲಿ ಈರುಳ್ಳಿ ದರ ಏರದಂತೆ ನೋಡಿಕೊಳ್ಳುವುದು. ಊರವರು ತಿನ್ನದ ಈರುಳ್ಳಿಗೂ ಅದೇ ಸುಂಕ! ಬೆಳೆಗಾರರು, ರಫ್ತುದಾರರು ಗಲಾಟೆ ಮಾಡಿದರು. ಸೆಪ್ಟೆಂಬರ್ ಕೊನೆಯಲ್ಲಿ ಗುಲಾಬಿ ಈರುಳ್ಳಿಗೆ ವಿನಾಯಿತಿ ಸಿಕ್ಕಿತು. ಆದರೆ ಒಂದು ಷರತ್ತು: ಸರಕು ಗುಲಾಬಿ ಈರುಳ್ಳಿಯೇ ಹೌದು, ಇಷ್ಟು ಪ್ರಮಾಣ ಇದೆ ಅಂತ ರಾಜ್ಯದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಬೇಕು. ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತನ್ನೇ ನಿಷೇಧಿಸಿದರು.

ಈಗ ಲೆಕ್ಕ ಹಾಕಿ. ಸುಂಕ ಹಣಕಾಸು ಸಚಿವಾಲಯದ್ದು. ನಿಷೇಧ ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿಯದ್ದು. ಪ್ರಮಾಣಪತ್ರ ಲಾಲ್‌ಬಾಗ್‌ನಲ್ಲಿರುವ ರಾಜ್ಯ ತೋಟಗಾರಿಕೆ ಇಲಾಖೆಯದ್ದು. ಒಂದು ಗೆಡ್ಡೆಗೆ ಮೂರು ಕಚೇರಿ. ಇದನ್ನು ಬಿಡಿಸಿ ಬರೆಯಬಲ್ಲ ವಿದ್ಯಾರ್ಥಿಯನ್ನು ಯಾವ ಸಂಘವೂ ಸುಮ್ನೆ ವಾಪಸ್ ಕಳಿಸುವುದಿಲ್ಲ.

ನೋಟ್‌ಬುಕ್‌ನ ಮೊದಲ ಪುಟದಲ್ಲಿ ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ಎಲ್ಲಿ ಬೆಳೆಯುತ್ತಾರೆ? ಎಲ್ಲಿ, ಯಾರಿಗೆ ಮಾರುತ್ತಾರೆ? ಯಾವ ಕಾಯ್ದೆ ಅಥವಾ ಆದೇಶ ಅಡ್ಡ ಬರುತ್ತದೆ? ಅದನ್ನು ಬದಲಿಸುವ ಅಧಿಕಾರ ಯಾರಿಗಿದೆ? ನಾಲ್ಕನೆಯದಕ್ಕೆ "ಸರ್ಕಾರ" ಅಂತ ಉತ್ತರ ಬರೆದಿದ್ದರೆ ಇನ್ನೂ ಓದಬೇಕು ಅಂತ ಅರ್ಥ.

ಹಂತ 2: ಯಾವ ಬಾಗಿಲು ಅಂತ ಗುರುತಿಸಿ

ಮಂಡಳಿಗಳು. ಕಾಫಿ ಮಂಡಳಿ ಬೆಂಗಳೂರಿನ ಡಾ. ಅಂಬೇಡ್ಕರ್ ವೀಧಿಯಲ್ಲಿದೆ, ವಿಧಾನಸೌಧ ಮೆಟ್ರೋದಲ್ಲಿ ಇಳಿದರೆ ನಡೆದೇ ಹೋಗಬಹುದು. ಕೇಂದ್ರ ರೇಷ್ಮೆ ಮಂಡಳಿ ಮಡಿವಾಳದ ಕಡೆ. ಇವು ಕೇಂದ್ರ ಸರ್ಕಾರದವು. ಕೃಷಿ ಉತ್ಪನ್ನಗಳ ರಫ್ತು ನೋಡಿಕೊಳ್ಳುವ ಅಪೆಡಾದ ಪ್ರಾದೇಶಿಕ ಕಚೇರಿಯೂ ಊರಲ್ಲಿದೆ. ಸಾಂಬಾರ ಮಂಡಳಿಯ ಕೇಂದ್ರ ಕಚೇರಿ ಕೊಚ್ಚಿಯಲ್ಲಿ, ಚಹಾ ಮಂಡಳಿಯದು ಕೋಲ್ಕತ್ತದಲ್ಲಿ. ಏಲಕ್ಕಿ ಹಿಡಿದುಕೊಂಡು ಬೆಂಗಳೂರಲ್ಲಿ ಕೇಂದ್ರ ಕಚೇರಿ ಹುಡುಕಬೇಡಿ.

ರಾಜ್ಯದ ಸಂಸ್ಥೆಗಳು. ಕರ್ನಾಟಕ ಕೃಷಿ ಬೆಲೆ ಆಯೋಗ, ಕೃಷಿ ಮಾರಾಟ ಮಂಡಳಿ, ಸಂಸ್ಕರಣೆ ಮತ್ತು ರಫ್ತು ನೋಡಿಕೊಳ್ಳುವ ಕೆಪೆಕ್. ಇಲ್ಲೆಲ್ಲ ಕಾಲೇಜಿನ ಮೂಲಕ ಹೋದರೇ ಸಲೀಸು.

ಸಂಶೋಧನಾ ಸಂಸ್ಥೆಗಳು. ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಒಳಗೆ ಕೃಷಿ ಅಭಿವೃದ್ಧಿ ಮತ್ತು ಗ್ರಾಮೀಣ ಪರಿವರ್ತನೆಗೇ ಒಂದು ಕೇಂದ್ರವಿದೆ. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಅರ್ಥಶಾಸ್ತ್ರ ಮತ್ತು ಕೃಷಿ ಮಾರಾಟದ ವಿಭಾಗಗಳಿವೆ. ಇಲ್ಲಿ ಸಂಸ್ಥೆಗೆ ಬರೆಯಬೇಡಿ, ನಿಮ್ಮ ಬೆಳೆಯ ಮೇಲೆ ಕೆಲಸ ಮಾಡಿದ ಪ್ರಾಧ್ಯಾಪಕರಿಗೇ ಬರೆಯಿರಿ.

ವಾಣಿಜ್ಯ ಸಂಸ್ಥೆಗಳು ಮತ್ತು ಸಂಘಗಳು. ಕೆಂಪೇಗೌಡ ರಸ್ತೆಯ ಎಫ್‌ಕೆಸಿಸಿಐ (ರಾಜ್ಯದ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ) 1916ರಿಂದ ಇದೆ, ಎಲ್ಲ ಬಗೆಯ ವ್ಯಾಪಾರವನ್ನೂ ನೋಡುತ್ತದೆ. ಅದರ ಹೊರಗೆ ಒಂದೊಂದು ಬೆಳೆಯ ರಫ್ತುದಾರರ ಸಂಘ, ಸಗಟು ಮಾರುಕಟ್ಟೆ ಯಾರ್ಡಿನ ವರ್ತಕರ ಸಂಘ ಅಂತ ಸಾಕಷ್ಟಿವೆ. ಸುಮಾರು ಸಂಘಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿಕೊಂಡಿರುತ್ತವೆ. ನೋಂದಣಿ ಸಂಖ್ಯೆ ಲೆಟರ್‌ಹೆಡ್ಡಿನಲ್ಲಿ ಇದೆಯಾ ನೋಡಿ.

ಇಲ್ಲಿ ಪದೇ ಪದೇ ಆಗುವ ಎಡವಟ್ಟು ಒಂದಿದೆ. ಎಪಿಎಂಸಿ ಅಂದರೆ 1966ರ ಕಾಯ್ದೆಯಡಿ ಇರುವ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ. ಅದೇ ಯಾರ್ಡಿನೊಳಗಿರುವ ವರ್ತಕರ ಸಂಘ ಬೇರೆ. ಸಮಿತಿ ಸೆಸ್ (ಮಾರುಕಟ್ಟೆ ಶುಲ್ಕ) ವಸೂಲಿ ಮಾಡುತ್ತದೆ, ಸಂಘ ಸೆಸ್ ಇಳಿಸಿ ಅಂತ ಕೇಳುತ್ತದೆ. ಸಂಘದ ಅಧ್ಯಕ್ಷರಿಗೆ "ಎಪಿಎಂಸಿ ಅಧ್ಯಕ್ಷರೇ" ಅಂತ ಬರೆದರೆ ಪತ್ರ ಅಲ್ಲಿಗೇ ಮುಗಿಯಿತು.

ಸ್ನಾತಕೋತ್ತರ ಮೊದಲ ವರ್ಷ ಮುಗಿಸಿದವರು ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್ ಆದ ನಬಾರ್ಡ್‌ನ ವಿದ್ಯಾರ್ಥಿ ಇಂಟರ್ನ್‌ಶಿಪ್ ಯೋಜನೆಯ ಪ್ರಕಟಣೆಯನ್ನೂ ನೋಡುತ್ತಿರಿ. ಅದಕ್ಕೆ ಸ್ಟೈಪೆಂಡ್ ಇದೆ, ಪೈಪೋಟಿಯೂ ಇದೆ. ಪದವಿಯಲ್ಲಿ ಓದುತ್ತಾ ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಬೇರೆ: ಒಂದು ಬೆಳೆಯ ಸಣ್ಣ ಸಂಘ. ಹೆಸರು ದೊಡ್ಡದಿರುವುದಿಲ್ಲ, ಆದರೆ ಎರಡನೇ ವಾರಕ್ಕೇ ನಿಜವಾದ ಕಡತ ಕೈಗೆ ಬರುತ್ತದೆ.

ಹಂತ 3: ಪತ್ರ ಬರೆಯುವ ಮುಂಚೆ ಯಾರ್ಡಿಗೆ ಹೋಗಿ ಬನ್ನಿ

ಒಂದೇ ಒಂದು ಬೆಳಗ್ಗೆ ಸಾಕು. ಯಶವಂತಪುರ ಯಾರ್ಡಿಗೋ ದಾಸನಪುರಕ್ಕೋ ಹೋಗಿ. ಹಳೆ ಚಪ್ಪಲಿ ಹಾಕಿಕೊಳ್ಳಿ. ಹಮಾಲಿಗಳ ದಾರಿಗೆ ಅಡ್ಡ ನಿಲ್ಲಬೇಡಿ, ಮೂಟೆ ಹೊತ್ತವರು ನಿಲ್ಲುವುದಿಲ್ಲ. ಮೊಬೈಲ್ ತೆಗೆದು ಫೋಟೋ ಹೊಡೆಯಲು ಶುರು ಮಾಡಿದರೆ ಎಲ್ಲರೂ ಮಾತು ನಿಲ್ಲಿಸುತ್ತಾರೆ. ಯಾರ ಹತ್ತಿರವಾದರೂ ನಿಂತು "ಅಣ್ಣ, ಇವತ್ತು ಆವಕ ಎಷ್ಟು?" ಅಂತ ಕೇಳಿ. ಆವಕ ಅಂದರೆ ಆ ದಿನ ಯಾರ್ಡಿಗೆ ಬಂದ ಮಾಲು. ಆ ಒಂದು ಪದಕ್ಕೆ ಬಾಯಿ ಬಿಡುತ್ತಾರೆ.

ಮಾಲು ಮಾರಿದ ರೈತರೊಬ್ಬರ ಪಟ್ಟಿಯನ್ನು ಕೇಳಿ ನೋಡಿ. ಅಂಗೈಯಷ್ಟು ಚೀಟಿ. ಎಷ್ಟು ಚೀಲ, ಎಷ್ಟು ತೂಕ, ಯಾವ ದರ. ಅದರ ಕೆಳಗೆ ಕಡಿತಗಳು: ಹಮಾಲಿ, ಲಾರಿ ಬಾಡಿಗೆ, ಮುಂಗಡ. ಕೊನೆಯಲ್ಲಿ ಕೈಗೆ ಬಂದದ್ದು. ಕರ್ನಾಟಕದ ನಿಯಮದಂತೆ ದಲ್ಲಾಳಿಯ ಕಮಿಷನ್ ಕೊಡಬೇಕಾದವರು ಖರೀದಿದಾರರು, ರೈತರಲ್ಲ. ಪಟ್ಟಿಯಲ್ಲಿ ಏನಿದೆ ಅಂತ ನೀವೇ ಓದಿ. ಒಮ್ಮೆ ನನ್ನ ಜೊತೆ ಬಂದಿದ್ದ ಹುಡುಗಿ ಚೀಟಿ ಹಿಡಿದು ಮೂರು ಸಲ ಕೂಡಿದಳು, ಮೂರು ಸಲವೂ ಮೊತ್ತ ಹೊಂದಲಿಲ್ಲ. ರೈತರು ನಕ್ಕು, "ಹೊಂದಲ್ಲ ಬಿಡಮ್ಮ" ಅಂದರು. ಅವಳ ಟಿಪ್ಪಣಿ ಶುರುವಾದದ್ದು ಆ ಸಾಲಿನಿಂದಲೇ.

ಹಂತ 4: ಒಂದು ಪುಟದ ಟಿಪ್ಪಣಿ ಬರೆಯಿರಿ

ಬಯೋಡೇಟಾಕ್ಕಿಂತ ಇದು ಮುಖ್ಯ. ಒಂದು ಬೆಳೆ, ಒಂದು ಸಮಸ್ಯೆ, ಒಂದು ಕೋಷ್ಟಕ, ಎರಡು ಬದಿಯ ವಾದ. ಒಂದು ಪುಟ ದಾಟಬಾರದು.

ಬೆಲೆ ಮತ್ತು ಆವಕಕ್ಕೆ ರಾಜ್ಯದ ಕೃಷಿ ಮಾರಾಟ ವಾಹಿನಿ, ಕೇಂದ್ರದ ಅಗ್‌ಮಾರ್ಕ್‌ನೆಟ್ ಜಾಲತಾಣ ನೋಡಿ. ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ದರ ಇರುತ್ತವೆ. ಮೋಡಲ್ ಅಂದರೆ ಆ ದಿನ ಹೆಚ್ಚು ಮಾಲು ಯಾವ ದರಕ್ಕೆ ಹೋಯಿತೋ ಅದು. ಬರೆಯಬೇಕಾದದ್ದು ಅದನ್ನೇ. ಗರಿಷ್ಠ ದರ ಹಿಡಿದು "ರೈತರಿಗೆ ಬಂಪರ್" ಅಂತ ಬರೆಯುವುದು ಟಿವಿಯವರ ಕೆಲಸ.

ರಫ್ತು ಲೆಕ್ಕಕ್ಕೆ ಎಚ್‌ಎಸ್ ಕೋಡ್, ಅಂದರೆ ಪ್ರತಿ ಸರಕಿಗೂ ಕೊಟ್ಟಿರುವ ಸಂಖ್ಯೆ, ಬೇಕು. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ಈರುಳ್ಳಿಗೆ 0703 ಅಂತ ನಾಲ್ಕು ಅಂಕಿ ಹಾಕಿದರೆ ಅದರಲ್ಲಿ ಬೆಳ್ಳುಳ್ಳಿಯೂ ಸೇರಿ ಬರುತ್ತದೆ. ಈರುಳ್ಳಿ 070310, ಬೆಳ್ಳುಳ್ಳಿ 070320. ಮಿಡಿಸೌತೆಯದು ಉಲ್ಟಾ, ಒಂದೇ ಬೆಳೆಗೆ ಎರಡು ಕೋಡ್: ವಿನೆಗರ್‌ನಲ್ಲಿ ಹಾಕಿದ್ದು 200110, ಉಪ್ಪುನೀರಿನಲ್ಲಿ ತಾತ್ಕಾಲಿಕವಾಗಿ ಕೆಡದಂತೆ ಇಟ್ಟದ್ದು 071140. ಒಂದನ್ನೇ ನೋಡಿ "ರಫ್ತು ಕುಸಿದಿದೆ" ಅಂತ ಬರೆದರೆ ರಫ್ತುದಾರರು ಮೊದಲ ಸಾಲಿಗೇ ಕಾಗದ ಮಡಚಿ ಇಡುತ್ತಾರೆ. ಇನ್ನೊಂದು ವಿಷಯ, ರಫ್ತು ಅಂಕಿಅಂಶಗಳು ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್ ಲೆಕ್ಕದಲ್ಲಿ ಇರುತ್ತವೆ. ಜನವರಿಯಿಂದ ಡಿಸೆಂಬರ್ ಲೆಕ್ಕದ ಜೊತೆ ಬೆರೆಸಬೇಡಿ.

ಅಳತೆ. ಅಯ್ಯೋ, ಅಳತೆ! ಕೋಲಾರದಲ್ಲಿ ಟೊಮೆಟೊ ಮಾತಾಡುವುದು 15 ಕೆಜಿ ಬಾಕ್ಸ್ ಲೆಕ್ಕದಲ್ಲಿ. ಕಾಫಿ 50 ಕೆಜಿ ಚೀಲದ ಲೆಕ್ಕದಲ್ಲಿ. ಅಗ್‌ಮಾರ್ಕ್‌ನೆಟ್‌ನಲ್ಲಿ ದರ ಕ್ವಿಂಟಾಲ್‌ಗೆ, ಆವಕ ಟನ್ನಿನಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮನವಿಯ ಕರಡಿನಲ್ಲಿ ಕಾಫಿ ಚೀಲದ ದರವನ್ನು ಹಾಗೇ ಎತ್ತಿ ಕ್ವಿಂಟಾಲ್ ಕಾಲಮಿನಲ್ಲಿ ಹಾಕಿದ್ದೆ. ಸಭೆಯಲ್ಲಿ ಸಕಲೇಶಪುರದ ಹಿರಿಯ ಬೆಳೆಗಾರರೊಬ್ಬರು ಕನ್ನಡಕ ಏರಿಸಿ ನೋಡಿ, "ಏನಮ್ಮಾ, ನಮ್ಮ ಕಾಫೀನ ಅರ್ಧ ರೇಟಿಗೆ ಮಾರ್ಬಿಟ್ಯಲ್ಲ!" ಅಂದರು. ಎಲ್ಲರೂ ನಕ್ಕರು. ಅವತ್ತಿನಿಂದ ಕೋಷ್ಟಕದ ತಲೆಯಲ್ಲಿ ಅಳತೆ ಬರೆಯದೆ ಒಂದು ಅಂಕಿಯನ್ನೂ ಹಾಕಿಲ್ಲ.

ಎಚ್ಚರಿಕೆಯ ಲಕ್ಷಣ: ನಿಮ್ಮ ಕೋಷ್ಟಕದಲ್ಲಿ ಒಂದು ದಿನ ಆವಕ ಸೊನ್ನೆ ಅಥವಾ ದರ ಹತ್ತು ಪಟ್ಟು ಏರಿದ್ದರೆ ಅದು ಸುದ್ದಿ ಅಲ್ಲ. ಯಾರ್ಡಿಗೆ ರಜೆ ಇರಬೇಕು, ಇಲ್ಲವೇ ಯಾರೋ ತಪ್ಪು ಒತ್ತಿರಬೇಕು.

ಹಂತ 5: ಪತ್ರ, ಮತ್ತು ಅದನ್ನು ಹಾಕುವ ಸಮಯ

ಕೇಂದ್ರ ಬಜೆಟ್ ಫೆಬ್ರುವರಿ 1ಕ್ಕೆ. ರಾಜ್ಯ ಬಜೆಟ್ ಸಾಮಾನ್ಯವಾಗಿ ಫೆಬ್ರುವರಿ ಅಥವಾ ಮಾರ್ಚ್‌ನಲ್ಲಿ. ಹಾಗಾಗಿ ಸಂಘಗಳು ಬಜೆಟ್ ಪೂರ್ವ ಮನವಿ ತಯಾರಿಸಲು ಒದ್ದಾಡುವುದು ನವೆಂಬರ್‌ನಿಂದ ಜನವರಿವರೆಗೆ. ಕೈ ಬೇಕಾಗುವುದು ಆಗ. ವಿದ್ಯಾರ್ಥಿಗಳು ಕೇಳುವುದು ಮೇ ತಿಂಗಳಲ್ಲಿ, ಎಲ್ಲ ಮುಗಿದ ಮೇಲೆ! ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಕೇಳಿ. ಕಾಲೇಜು ನಡೆಯುತ್ತಿದ್ದರೆ ವಾರಕ್ಕೆ ಎರಡು ದಿನ ಬರುತ್ತೇನೆ ಅನ್ನಿ. ಸರ್ಕಾರಿ ಕಚೇರಿಗೆ ಮಾತ್ರ ಮಾರ್ಚ್ ತಿಂಗಳು ಬೇಡವೇ ಬೇಡ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ನಿಮ್ಮನ್ನು ಯಾರೂ ನೋಡುವುದಿಲ್ಲ.

ಪತ್ರ ಆರು ಸಾಲು ಇರಲಿ. ವಿಷಯದ ಸಾಲಿನಲ್ಲೇ ಬೆಳೆಯ ಹೆಸರು ಬರಲಿ: "ಗುಲಾಬಿ ಈರುಳ್ಳಿ ರಫ್ತು ಸುಂಕ: ಒಂದು ಪುಟದ ಟಿಪ್ಪಣಿ ಮತ್ತು 8 ವಾರಗಳ ಇಂಟರ್ನ್‌ಶಿಪ್ ಕೋರಿಕೆ". ಒಳಗೆ ನೀವು ಯಾರು, ಏನು ನೋಡಿದ್ದೀರಿ, ಏನು ಮಾಡಿಕೊಡಬಲ್ಲಿರಿ, ಯಾವ ತಾರೀಖಿನಿಂದ. ಟಿಪ್ಪಣಿ ಪಿಡಿಎಫ್ ಆಗಿರಲಿ. ಒಂದು ಸಲಕ್ಕೆ ಮೂರು ಕಡೆಗಿಂತ ಹೆಚ್ಚು ಕಳಿಸಬೇಡಿ.

ವಾರ ಕಳೆದರೂ ಉತ್ತರ ಇಲ್ಲವಾ? ಸಂಘವಾದರೆ ಬೆಳಗ್ಗೆ ಹನ್ನೊಂದರ ಮೇಲೆ ಫೋನ್ ಮಾಡಿ. ಸರ್ಕಾರಿ ಕಚೇರಿಯಾದರೆ ಎರಡು ಪ್ರತಿ ಹಿಡಿದುಕೊಂಡು ಟಪಾಲು ವಿಭಾಗಕ್ಕೆ ಹೋಗಿ. ಒಂದನ್ನು ಕೊಡಿ, ಇನ್ನೊಂದರ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆ ಸಂಖ್ಯೆ ಇದ್ದರೆ ಪತ್ರ ಯಾರ ಮೇಜಿನ ಮೇಲಿದೆ ಅಂತ ಕೇಳಬಹುದು. ಇಲ್ಲದಿದ್ದರೆ "ಬಂದೇ ಇಲ್ಲ" ಅನ್ನುತ್ತಾರೆ.

ಹಂತ 6: ಒಪ್ಪಿಕೊಳ್ಳುವ ಮುಂಚೆ ಕೇಳಬೇಕಾದದ್ದು

ನನ್ನ ಕೆಲಸ ನೋಡುವವರು ಯಾರು? ಕೊನೆಗೆ ಏನು ತಯಾರಾಗಬೇಕು? ಪ್ರಯಾಣದ ಖರ್ಚು ಕೊಡುತ್ತೀರಾ? ಈ ಮೂರನ್ನು ಸಂಕೋಚವಿಲ್ಲದೆ ಕೇಳಿ. ಸಣ್ಣ ಸಂಘಗಳಲ್ಲಿ ಸ್ಟೈಪೆಂಡ್ ಇಲ್ಲದಿರುವುದೇ ಹೆಚ್ಚು. ಬಸ್ಸು, ಮೆಟ್ರೋ ಖರ್ಚಾದರೂ ಸಿಗಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಿಂದೆ ಸರಿಯಬೇಕಾದ ಲಕ್ಷಣಗಳು ಸ್ಪಷ್ಟ. ಸರ್ಟಿಫಿಕೇಟಿಗೆ ದುಡ್ಡು ಕೇಳುವುದು. ನೋಂದಣಿ ಸಂಖ್ಯೆ, ಕಚೇರಿ ವಿಳಾಸ ಹೇಳದಿರುವುದು. "ತಿಂಗಳಿಗೆ ಇಪ್ಪತ್ತು ಸದಸ್ಯತ್ವ ಮಾಡಿಸಬೇಕು" ಅಂತ ಟಾರ್ಗೆಟ್ ಕೊಡುವುದು. ಕೊನೆಯದು ನೀತಿಯ ಕೆಲಸವಲ್ಲ, ಚಂದಾ ವಸೂಲಿ.

ಹಂತ 7: ಒಳಗೆ ಹೋದ ಮೇಲೆ

ಮೊದಲ ವಾರ ಹಳೆಯ ಮನವಿಗಳ ಕಡತ ಕೇಳಿ ಓದಿ. ಐದು ವರ್ಷದಿಂದ ಒಂದೇ ಬೇಡಿಕೆ ಇದ್ದರೆ, ಅದು ಯಾಕೆ ಈಡೇರಿಲ್ಲ ಅಂತ ಹುಡುಕುವುದೇ ನಿಮ್ಮ ಪ್ರಾಜೆಕ್ಟ್ ಆಗಬಹುದು.

ಸಂಘ ಮಾತಾಡುವುದು ತನ್ನ ಸದಸ್ಯರ ಪರವಾಗಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ರೈತರ ದನಿ ಅಂದುಕೊಂಡರೆ ನೀವು ಮೋಸ ಹೋಗುತ್ತೀರಿ. 2020ರಲ್ಲಿ ಎಪಿಎಂಸಿ ಕಾಯ್ದೆಗೆ ತಿದ್ದುಪಡಿ ತಂದು ಯಾರ್ಡಿನ ಹೊರಗೂ ಖರೀದಿಗೆ ದಾರಿ ಮಾಡಿದಾಗ, ಯಾರ್ಡಿನ ವರ್ತಕರು ಎತ್ತಿದ ಪ್ರಶ್ನೆ ಒಂದು: ಸೆಸ್ ಕಟ್ಟುವವರು ನಾವು, ಹೊರಗೆ ಕೊಳ್ಳುವವರು ಕಟ್ಟುವುದಿಲ್ಲ, ಇದ್ಯಾವ ನ್ಯಾಯ? ದೊಡ್ಡ ಖರೀದಿದಾರರಿಗೆ ಅದೇ ಅನುಕೂಲ. ರೈತರಲ್ಲೂ ಎರಡು ಮಾತಿತ್ತು. ಮನವಿ ಬರೆಯುವಾಗ ಸಂಘದ ವಾದ ಬರೆಯಿರಿ. ನಿಮ್ಮ ನೋಟ್‌ಬುಕ್‌ನಲ್ಲಿ ಎದುರುವಾದವನ್ನೂ ಬರೆದಿಡಿ. ಸರ್ಕಾರಿ ಇಲಾಖೆಗಳಿರುವ ಎಂ.ಎಸ್. ಬಿಲ್ಡಿಂಗ್‌ನಲ್ಲಿ ಕೂತ ಅಧಿಕಾರಿ ಮೊದಲು ಕೇಳುವುದು ಅದನ್ನೇ.

ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಿ. "ಎಲ್ಲ ಸದಸ್ಯರೂ ಇಂಥ ದರಕ್ಕಿಂತ ಕಡಿಮೆಗೆ ಮಾರಬಾರದು" ಅಂತಲೋ "ಇದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳಬಾರದು" ಅಂತಲೋ ಸುತ್ತೋಲೆ ಟೈಪ್ ಮಾಡಲು ಹೇಳಿದರೆ ನಿಲ್ಲಿಸಿ, ನಿಮ್ಮ ಮೇಲಿನವರನ್ನು ಕೇಳಿ. ಸಂಘದ ಹೆಸರಲ್ಲಿ ಸೇರಿ ದರ ಕಟ್ಟುವುದು 2002ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ಹಳಬರು ಅಭ್ಯಾಸಬಲದಿಂದ ಹೇಳಿಬಿಡುತ್ತಾರೆ. ಟೈಪ್ ಮಾಡಿ ಕಳಿಸಿದ ಇಮೇಲ್ ಮಾತ್ರ ನಿಮ್ಮದಾಗಿರುತ್ತದೆ.

ಸದಸ್ಯರ ವಹಿವಾಟಿನ ಅಂಕಿಗಳನ್ನು ಕಾಲೇಜು ವರದಿಯಲ್ಲಿ ಹೆಸರು ಸಮೇತ ಹಾಕಬೇಡಿ. ಸಚಿವರ ಭೇಟಿಯ ಫೋಟೋವನ್ನು ಸಂಘದವರು ಹಾಕುವ ಮುಂಚೆ ನೀವು ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಇದರಿಂದ ಒಬ್ಬ ಒಳ್ಳೆಯ ಹುಡುಗ ಅರ್ಧಕ್ಕೇ ವಾಪಸ್ ಹೋದದ್ದನ್ನು ನೋಡಿದ್ದೇನೆ.

ಹಂತ 8: ಹೊರಡುವ ಮುಂಚೆ

ಸರ್ಟಿಫಿಕೇಟನ್ನು ಕೊನೆಯ ದಿನಕ್ಕೆ ಬಿಡಬೇಡಿ. ಅಧ್ಯಕ್ಷರು ತಮ್ಮ ಅಂಗಡಿಯಲ್ಲೋ ತೋಟದಲ್ಲೋ ಇರುತ್ತಾರೆ, ಸಹಿಗೆ ಎರಡು ವಾರ ಹಿಡಿಯುತ್ತದೆ. ಕರಡನ್ನು ನೀವೇ ಟೈಪ್ ಮಾಡಿ ಕೊಡಿ. "ಇಂಟರ್ನ್ ಆಗಿ ಕೆಲಸ ಮಾಡಿದ್ದಾರೆ" ಅಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಬೆಳೆ, ಯಾವ ಟಿಪ್ಪಣಿ ಅಂತ ಒಂದು ಸಾಲು ಸೇರಿಸಿ.

ಎಕ್ಸೆಲ್ ಫೈಲುಗಳನ್ನು ಒಂದು ಫೋಲ್ಡರಿನಲ್ಲಿ ಹಾಕಿ, ಯಾವ ಅಂಕಿ ಎಲ್ಲಿಂದ, ಯಾವ ತಾರೀಖಿನಂದು ತೆಗೆದದ್ದು ಅಂತ ಮೊದಲ ಶೀಟಿನಲ್ಲೇ ಬರೆದು ಒಪ್ಪಿಸಿ. ನೀವು ಕೆಲಸ ಮಾಡಿದ ಮನವಿ ಸರ್ಕಾರಕ್ಕೆ ಹೋಗಿದ್ದರೆ, ಸ್ವೀಕೃತಿ ಸೀಲು ಬಿದ್ದ ಪುಟದ ಒಂದು ಜೆರಾಕ್ಸ್ ಇಟ್ಟುಕೊಳ್ಳಬಹುದಾ ಅಂತ ಕಾರ್ಯದರ್ಶಿಯನ್ನು ಕೇಳಿ. ಬೇಡ ಅಂದರೆ ತಾರೀಖು ಮತ್ತು ಸಂಖ್ಯೆಯನ್ನಾದರೂ ಬರೆದುಕೊಳ್ಳಿ. ಮುಂದಿನ ಸಂದರ್ಶನದಲ್ಲಿ ಮೇಜಿನ ಆಚೆ ಕೂತವರು ಕೇಳುತ್ತಾರೆ, "ಆ ಮನವಿ ಏನಾಯ್ತು?" ಅಂತ.